ಸಹಾಯ ಬೇಕು: ‘ಪರಸಂಗದ ಗೆಂಡೆತಿಮ್ಮ’ ಚಿತ್ರದ ಒಳ್ಳೆಯ ಪ್ರತಿ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರದವಳು. 1978ರ ‘ಪರಸಂಗದ ಗೆಂಡೆತಿಮ್ಮ’ ಚಿತ್ರವನ್ನು ಅಪ್ಪನಿಗೆ ಮತ್ತೊಮ್ಮೆ ತೋರಿಸಬೇಕು ಅಂತ ತುಂಬಾ ಆಸೆ. ನಿರ್ದೇಶನ ಮಾರುತಿ ಶಿವರಾಂ, ಮುಖ್ಯ ಪಾತ್ರದಲ್ಲಿ ಲೋಕೇಶ್. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯ ಕತೆ.

ನನ್ನ ಹತ್ತಿರ ಇರುವ ಪ್ರತಿಯಲ್ಲಿ ಚಿತ್ರ ಮಸುಕು. ಮಾತು ಸರಿಯಾಗಿ ಕೇಳುವುದೇ ಇಲ್ಲ. ಈ ಚಿತ್ರಕ್ಕೆ ಮಾತೇ ಜೀವ ಅಲ್ವಾ? ಮೈಸೂರು ಕಡೆಯ ಹಳ್ಳಿ ಮಾತು, ಗಡಿಯಲ್ಲಿರುವ ನಮ್ಮ ಕಿವಿಗೆ ಹೊಸದು, ಒಂದು ಪದ ತಪ್ಪಿದರೂ ಬೇಜಾರು. ಊರೂರು ಸುತ್ತಿ ಸಾಮಾನು ಮಾರುವ ಮುಗ್ಧ ಗಂಡ, ಪೇಟೆಯ ಬದುಕು ಕಂಡು ಬಂದ ಹೆಂಡತಿ. ಅವನ ಪ್ರೀತಿ ಸುಳ್ಳಲ್ಲ, ಅವಳ ಆಸೆಯೂ ತಪ್ಪಲ್ಲ. ನನಗೆ ಇಬ್ಬರ ಮೇಲೂ ಕನಿಕರ. ಲೋಕೇಶ್ ಅಲ್ಲಿ ನಟಿಸಿದ ಹಾಗೇ ಕಾಣುವುದಿಲ್ಲ. ರಾಜನ್-ನಾಗೇಂದ್ರರ ‘ತೇರಾ ಏರಿ ಅಂಬರದಾಗೆ’ ಬಂದರೆ ಅಪ್ಪ ಈಗಲೂ ಊಟ ನಿಲ್ಲಿಸಿ ಕೇಳುತ್ತಾರೆ.

ಮಾತು ಸ್ಪಷ್ಟವಾಗಿರುವ ಡಿವಿಡಿ ಮಂಗಳೂರಲ್ಲೋ ಬೆಂಗಳೂರಲ್ಲೋ ಸಿಗುತ್ತದಾ? ದುಡ್ಡು ಕೊಟ್ಟೇ ತಗೊಳ್ತೇನೆ. ಊರಿನ ವಾಚನಾಲಯದಲ್ಲೂ ಒಮ್ಮೆ ತೋರಿಸುವ ಯೋಚನೆ ಇದೆ. ಅದಕ್ಕೆ ಯಾರ ಅನುಮತಿ ಕೇಳಬೇಕು? ಮಲಯಾಳಂ ಮಾತ್ರ ಬಲ್ಲ ನೆರೆಯವರೂ ಬರುತ್ತಾರೆ, ಸಬ್‌ಟೈಟಲ್ ಇರುವ ಪ್ರತಿ ಇದ್ದರೆ ದಯವಿಟ್ಟು ಮೊದಲು ಅದನ್ನೇ ತಿಳಿಸಿ.