ಸೆಮಿ ಆಟೋಮ್ಯಾಟಿಕ್ ಬಂದೂಕು ಕೇಳಿದ ತಮ್ಮನಿಗೆ

ತಮ್ಮಾ, ನಿನ್ನ ಮೆಸೇಜ್ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಬಿಟ್ಟು ಹೋಗುತ್ತದೆ. ಅದಕ್ಕೆ ಮಾತಾಡಿದ ಹಾಗೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಊಟ ಆದ ಮೇಲೆ ಓದು.

ನೀನು ಕೇಳಿದ್ದು ಇಷ್ಟು, ಅಲ್ವಾ? ಟೆಕ್ಸಸ್‌ನಲ್ಲಿ ನನ್ನ ಹತ್ತಿರ ಇದ್ದಂಥ ಸೆಮಿ ಆಟೋಮ್ಯಾಟಿಕ್ ಬಂದೂಕನ್ನು, ಅಂದರೆ ಒಂದು ಹೊಡೆದ ಮೇಲೆ ಮುಂದಿನ ಕಾಡತೂಸನ್ನು ತಾನೇ ತುಂಬಿಕೊಳ್ಳುವ ಬಂದೂಕನ್ನು, ಮುಧೋಳದಲ್ಲಿ ನೀನೂ ತಗೊಳ್ಳಬೇಕು. ಕಬ್ಬಿಗೆ ನುಗ್ಗುವ ಹಂದಿಗೂ ಆಗಬೇಕು, ನಮ್ಮ ಕೂಸು ಕ್ಲೇ ಶೂಟಿಂಗ್, ಅದೇ ಗಾಳಿಯಲ್ಲಿ ಹಾರುವ ತಟ್ಟೆ ಹೊಡೆಯುವ ಆಟ, ಕಲಿಯಬೇಕು ಅನ್ನುತ್ತಾಳಲ್ಲ, ಅದಕ್ಕೂ ಆಗಬೇಕು. ನನ್ನನ್ನು ಕೇಳಿದರೆ ಎರಡಕ್ಕೂ ಅದು ಬೇಡ. ಬಂದೂಕು ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದರ ಮೇಲೆ ನನಗೆ ತುಂಬಾ ಪ್ರೀತಿ ಇತ್ತು. ಊರಿಗೆ ಬರುವಾಗ ಅಲ್ಲಿನ ಅಂಗಡಿಯವನಿಗೆ ಒಪ್ಪಿಸಿ ಬರಲು ನಿಜವಾಗಿಯೂ ಬೇಜಾರಾಯಿತು.

ಮೊದಲು ಅದರ ಒಳ್ಳೆಯ ಗುಣ ಹೇಳುತ್ತೇನೆ. ನನ್ನದು 12 ಬೋರಿನ ಗ್ಯಾಸ್ ಬಂದೂಕು. ಕಾಡತೂಸು ಹಾರಿದಾಗ ನಳಿಗೆಯಲ್ಲಿ ಹುಟ್ಟುವ ಬಿಸಿ ಗ್ಯಾಸಿನ ಸ್ವಲ್ಪ ಭಾಗ ಸಣ್ಣ ತೂತುಗಳಿಂದ ಕೆಳಗೆ ಇಳಿದು ಒಂದು ಪಿಸ್ಟನ್ ತಳ್ಳುತ್ತದೆ. ಆ ಪಿಸ್ಟನ್ ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟನ್ನು ಹಿಂದಕ್ಕೆ ಒಯ್ಯುತ್ತದೆ. ಖಾಲಿ ಕಾಡತೂಸು ಹೊರಗೆ ಬೀಳುತ್ತದೆ, ಹೊಸದು ಒಳಗೆ ಕೂರುತ್ತದೆ. ಬಂದೂಕಿನ ಒದೆತ ಒಂದೇ ಏಟಿಗೆ ಹೆಗಲಿಗೆ ಬರುವುದಿಲ್ಲ, ಹಂಚಿಕೊಂಡು ಮೆಲ್ಲಗೆ ಬರುತ್ತದೆ. ಇಡೀ ಬೆಳಿಗ್ಗೆ ತಟ್ಟೆ ಹೊಡೆದರೂ ಹೆಗಲು ನೋಯುತ್ತಿರಲಿಲ್ಲ. 1963ರಲ್ಲಿ ಬಂದ ರೆಮಿಂಗ್ಟನ್ 1100 ಅನ್ನುವ ಗ್ಯಾಸ್ ಬಂದೂಕು ಅಮೆರಿಕಾದಲ್ಲಿ ಅಷ್ಟು ಹೆಸರು ಮಾಡಿದ್ದಕ್ಕೆ ಈ ಮೆತ್ತಗಿನ ಒದೆತವೇ ದೊಡ್ಡ ಕಾರಣ.

ಸೆಮಿ ಆಟೋದಲ್ಲಿ ಇನ್ನೊಂದು ಜಾತಿ ಇದೆ, ಇಟಲಿಯ ಬೆನೆಲ್ಲಿ ಕಂಪನಿಯವರದ್ದು. ಅದರಲ್ಲಿ ಗ್ಯಾಸಿನ ಕೆಲಸವೇ ಇಲ್ಲ. ಬಸ್ಸು ಜಗ್ಗನೆ ಮುಂದೆ ಹೋದಾಗ ನಿಂತವರು ಅಲ್ಲೇ ಉಳಿದು ಹಿಂದಕ್ಕೆ ವಾಲುತ್ತಾರಲ್ಲ, ಹಾಗೆ ಬಂದೂಕು ಹಿಂದಕ್ಕೆ ಒದ್ದಾಗ ಒಳಗಿನ ಭಾರದ ಬೋಲ್ಟು ಇದ್ದಲ್ಲೇ ನಿಲ್ಲುತ್ತದೆ, ನಡುವಿನ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಆಮೇಲೆ ಆ ಸ್ಪ್ರಿಂಗೇ ಉಳಿದ ಕೆಲಸ ಮಾಡುತ್ತದೆ. ಇದು ಹಗುರ, ಮಸಿಯೂ ಕಡಿಮೆ. ಆದರೆ ಒದೆತ ಜಾಸ್ತಿ. ಹೊಲದಲ್ಲಿ ದಿನವಿಡೀ ನಡೆಯುವವರು ಇದನ್ನು ಇಷ್ಟಪಡುತ್ತಾರೆ. ನಿಂತಲ್ಲೇ ನಿಂತು ತಟ್ಟೆ ಹೊಡೆಯುವವರಿಗೆ ಗ್ಯಾಸಿನದೇ ಸುಖ.

ಗ್ಯಾಸ್ ಬಂದೂಕಿನ ಕಷ್ಟ ಅಂದರೆ ಮಸಿ. ಪಿಸ್ಟನ್ ಮೇಲೆ, ಮ್ಯಾಗಜೀನ್ ಟ್ಯೂಬಿನ ಮೇಲೆ ಕಪ್ಪು ಕಟ್ಟುತ್ತದೆ. ಬಿಚ್ಚಿ ಒರೆಸಿ, ಬಹಳ ತೆಳ್ಳಗೆ ಎಣ್ಣೆ ಸವರಿ ಇಡಬೇಕು. ಎಣ್ಣೆ ಜಾಸ್ತಿ ಆದರೂ ಮಸಿ ಅದಕ್ಕೇ ಅಂಟುತ್ತದೆ. ಸೋಮಾರಿಗಳಿಗೆ ಈ ಬಂದೂಕು ಅಲ್ಲ. ತೀರಾ ಹಗುರ ಕಾಡತೂಸು ಹಾಕಿದರೆ ಕೆಲವು ಬಂದೂಕುಗಳಲ್ಲಿ ಬೋಲ್ಟು ಪೂರ್ತಿ ಹಿಂದೆ ಹೋಗದೆ ಖಾಲಿ ಕಾಡತೂಸು ಅಲ್ಲೇ ಸಿಕ್ಕಿಕೊಳ್ಳುತ್ತದೆ. ನನ್ನದೂ ಹಾಗೆ ಮಾಡುತ್ತಿತ್ತು. 28 ಗ್ರಾಂ ಚರೆ (ಕಾಡತೂಸಿನೊಳಗಿನ ಸಣ್ಣ ಗುಂಡುಗಳು) ಇದ್ದದ್ದು ಹಾಕಿದರೆ ಸರಿಯಾಗಿ ನಡೆಯುತ್ತಿತ್ತು, 24 ಗ್ರಾಂ ಹಾಕಿದರೆ ಮುನಿಸಿಕೊಳ್ಳುತ್ತಿತ್ತು. ಈ 24 ಮನಸ್ಸಿನಲ್ಲಿ ಇಟ್ಟುಕೋ, ಕೂಸಿನ ಮಾತಿಗೆ ಬಂದಾಗ ಬೇಕು.

ಟೆಕ್ಸಸ್‌ನಲ್ಲಿ ಸೆಪ್ಟೆಂಬರ್ ಬಂದರೆ ಬೆಳವ ಹಕ್ಕಿಯ ಸೀಸನ್. ಕಾನೂನುಬದ್ಧ ಬೇಟೆ, ಲೈಸೆನ್ಸ್ ತಗೊಂಡು ಹೋಗಬೇಕು, ಒಬ್ಬರಿಗೆ ದಿನಕ್ಕೆ 15 ಹಕ್ಕಿ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ವಲಸೆ ಹಕ್ಕಿಗೆ ಹೋದರೆ ಬಂದೂಕಿನಲ್ಲಿ ಒಟ್ಟು ಮೂರೇ ಕಾಡತೂಸು ಹಿಡಿಯಬೇಕು. ಹೆಚ್ಚು ಹಿಡಿಯದ ಹಾಗೆ ಮ್ಯಾಗಜೀನ್ ಒಳಗೆ ಒಂದು ಕಡ್ಡಿ ಹಾಕಿರುತ್ತಾರೆ. ಬಾತುಕೋಳಿಗೆ ಸೀಸದ ಚರೆ 1991ರಿಂದ ಇಡೀ ದೇಶದಲ್ಲೇ ಬಂದ್, ಸ್ಟೀಲಿನದು ಹಾಕಬೇಕು. ಇಷ್ಟು ಕಟ್ಟುನಿಟ್ಟು ಇದ್ದದ್ದಕ್ಕೇ ಅಲ್ಲಿ ಹಕ್ಕಿಗಳೂ ಉಳಿದಿವೆ ಅಂತ ನನ್ನ ನಂಬಿಕೆ.

ಈಗ ನಮ್ಮ ಊರಿನ ಮಾತು. ಇಲ್ಲಿ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಬಂದ್. ಬೇಟೆಯ ಮಾತು ಹಾಗಿರಲಿ, ಸೆಮಿ ಆಟೋಮ್ಯಾಟಿಕ್ ಬಂದೂಕು ಡಿಸಿ ಆಫೀಸಿನಿಂದ ಸಿಗುವ ಸಾಮಾನ್ಯ ಲೈಸೆನ್ಸಿನ ಮೇಲೆ ಬರುವುದೇ ಇಲ್ಲ. 2016ರ ಆರ್ಮ್ಸ್ ರೂಲ್ಸ್ ಅದನ್ನು ನಿರ್ಬಂಧದ ಪಟ್ಟಿಯಲ್ಲಿ ಇಟ್ಟಿದೆ. ನಮ್ಮಂಥವರಿಗೆ ಸಿಗುವುದು ಒಂಟಿ ನಳಿಗೆ, ಜೋಡಿ ನಳಿಗೆ, ಇಲ್ಲವೇ ಕೈಯಿಂದ ಎಳೆದು ಕಾಡತೂಸು ಹಾಕುವ ಪಂಪ್ ಆಕ್ಷನ್. ಯಾರಾದರೂ ಸೆಮಿ ಆಟೋ ಕೊಡಿಸುತ್ತೇನೆ ಅಂತ ಬಂದರೆ ಹತ್ತಿರ ಸೇರಿಸಬೇಡ.

ಮಾವ ನಮ್ಮ ಮನೆಯ ಗ್ರೂಪಿನಲ್ಲಿ ಹಲಗಲಿ ಬೇಡರ ಮಾತು ತೆಗೆದರು, ನಮ್ಮ ಕಡೆಯವರು ಆಯುಧಕ್ಕೆ ಯಾರ ಅಪ್ಪಣೆ ಕೇಳಬೇಕು ಅಂತ. ಮಾವ, ನಿಮ್ಮ ಮೇಲಿನ ಗೌರವದಿಂದಲೇ ಹೇಳುತ್ತೇನೆ. 1857ರಲ್ಲಿ ಅವರು ಬ್ರಿಟಿಷರ ಆಯುಧ ಕಾಯ್ದೆಗೆ ತಲೆ ಬಾಗದೆ ಪ್ರಾಣ ಕೊಟ್ಟರು. ಆ ಲಾವಣಿ ಕೇಳಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಅಂಥವರ ಹೆಸರನ್ನು ನಮ್ಮ ಹಂದಿ ಬೇಟೆಗೆ ತರಬಾರದು.

ಹಂದಿಯ ಕಾಟ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. ಒಂದು ರಾತ್ರಿಯಲ್ಲಿ ಎಷ್ಟು ಕಬ್ಬು ಮಲಗಿಸುತ್ತವೆ ಅಂತ ನೋಡಿದ್ದೇನೆ. ಆದರೆ ಬೆಳೆ ಹಾಳು ಮಾಡಿತು ಅಂತ ನಾವೇ ಹೊಡೆಯುವ ಹಾಗಿಲ್ಲ, ಅರಣ್ಯ ಅಧಿಕಾರಿಯ ಲಿಖಿತ ಆದೇಶ ಬೇಕು. ಹಾಗೆ ಹೊಡೆದ ಪ್ರಾಣಿಯೂ ಸರಕಾರದ್ದೇ. ಅದೂ ಅಲ್ಲದೆ ಯಡಹಳ್ಳಿಯ ಚಿಂಕಾರ ಅಭಯಾರಣ್ಯ ನಮ್ಮ ತಾಲ್ಲೂಕಿನ ಮಗ್ಗುಲಲ್ಲೇ ಇದೆ. ಎಲ್ಲಕ್ಕಿಂತ ನನಗೆ ಹೆದರಿಕೆ ಆಗುವುದು ಬೇರೆ ವಿಷಯಕ್ಕೆ. ನಮ್ಮಲ್ಲಿ ತ್ರೀ ಫೇಸ್ ಕರೆಂಟು ರಾತ್ರಿ ಬರುತ್ತದೆ. ಕಬ್ಬಿನ ಒಳಗೆ ನೀರು ಹಾಯಿಸುವ ಆಳು ಎಲ್ಲಿ ಕೂತಿದ್ದಾನೆ ಅಂತ ಬ್ಯಾಟರಿ ಬೆಳಕಿನಲ್ಲಿ ಯಾರಿಗೆ ಕಾಣುತ್ತದೆ? ಹಂದಿಗೆ ಹಾಕುವ ದಪ್ಪ ಚರೆ ಎಲೆ ಅಲುಗಾಡಿದ ಕಡೆಗೆ ಹಾರಿದರೆ ಮುಂದೆ ಮನುಷ್ಯ ಇದ್ದಾನೋ ಇಲ್ಲವೋ ನೋಡುವುದಿಲ್ಲ. ಸೋಲಾರ್ ಬೇಲಿ ಹಾಕು, ನಷ್ಟಕ್ಕೆ ಅರಣ್ಯ ಇಲಾಖೆಗೆ ಫೋಟೋ ಸಮೇತ ಅರ್ಜಿ ಕೊಡು. ಬೇಲಿಯ ಖರ್ಚಿನಲ್ಲಿ ಅರ್ಧ ನಾನು ಹಾಕುತ್ತೇನೆ.

ಕೂಸಿನ ವಿಷಯ ಮಾತ್ರ ನನಗೆ ಬಹಳ ಖುಷಿ. ಎನ್‌ಸಿಸಿಯಲ್ಲಿ ರೈಫಲ್ ಹಿಡಿದವಳು, ಕೈ ಸ್ಥಿರವಾಗಿದೆ. ಕ್ಲೇ ಬೇರೆ ವಿದ್ಯೆ, ನಿಂತ ಗುರಿ ಅಲ್ಲ. ತಟ್ಟೆ 110 ಮಿಲಿಮೀಟರ್ ಅಗಲ. ಈ ಆಟದಲ್ಲಿ ಟ್ರ್ಯಾಪ್, ಸ್ಕೀಟ್ ಅಂತ ಬಗೆಗಳಿವೆ. ಟ್ರ್ಯಾಪ್‌ನಲ್ಲಿ ಅವಳಿಂದ ದೂರಕ್ಕೆ ಹಾರುತ್ತದೆ, ಸ್ಕೀಟ್‌ನಲ್ಲಿ ತಟ್ಟೆ ಎಸೆಯುವ ಎರಡು ಗೂಡುಗಳಿಂದ ಅಡ್ಡ ಹಾಯುತ್ತದೆ. ಒಲಿಂಪಿಕ್ ನಿಯಮದಲ್ಲಿ ಸೆಮಿ ಆಟೋ ನಡೆಯುತ್ತದೆ, ಪಂಪ್ ಆಕ್ಷನ್ ನಡೆಯುವುದಿಲ್ಲ. ಚರೆ 24 ಗ್ರಾಂ ಮೀರುವಂತಿಲ್ಲ, ನನ್ನ ಸೆಮಿ ಆಟೋ ಮುನಿಸಿಕೊಳ್ಳುತ್ತಿದ್ದದ್ದು ಈ 24ಕ್ಕೇ. ನೋಡು, ಪಂಪ್ ನಡೆಯದ ಮೇಲೆ ಮನೆಗೊಂದು ಪಂಪ್ ತಂದು ಅದರಲ್ಲೇ ಅವಳೂ ಕಲಿಯಲಿ ಅನ್ನುವ ಲೆಕ್ಕವೂ ಇಲ್ಲೇ ಮುರಿಯಿತು.

ದೊಡ್ಡ ಆಟಗಾರರು ಮೇಲೊಂದು ಕೆಳಗೊಂದು ನಳಿಗೆ ಇರುವ ಬಂದೂಕನ್ನೇ ಹಿಡಿಯುತ್ತಾರೆ. ಟ್ರ್ಯಾಪ್‌ನಲ್ಲಿ ಒಂದು ತಟ್ಟೆಗೆ ಹೆಚ್ಚೆಂದರೆ ಎರಡು ಗುಂಡು, ಮೂರನೆಯದಕ್ಕೆ ಕೆಲಸವೇ ಇಲ್ಲ. ಎರಡು ನಳಿಗೆಗೆ ಎರಡು ಬೇರೆ ಚೋಕ್, ಅಂದರೆ ನಳಿಗೆಯ ತುದಿಯನ್ನು ಕಿರಿದು ಮಾಡುವ ತುಂಡು, ಹಾಕಬಹುದು. ಮೊದಲನೆಯದು ಹತ್ತಿರಕ್ಕೆ ಚರೆ ಹರಡುತ್ತದೆ, ಎರಡನೆಯದು ದೂರಕ್ಕೆ ಒತ್ತಾಗಿ ಒಯ್ಯುತ್ತದೆ. ಸೆಮಿ ಆಟೋದಲ್ಲಿ ಒಂದೇ ನಳಿಗೆ, ಒಂದೇ ಚೋಕ್. ಈ ಜೋಡಿ ನಳಿಗೆ ಬಂದೂಕನ್ನು ನಡುವೆ ಮಡಚಿ ಹಿಡಿದರೆ ಒಳಗೆ ಏನೂ ಇಲ್ಲ ಅಂತ ದೂರದಿಂದಲೇ ಎಲ್ಲರಿಗೂ ಕಾಣುತ್ತದೆ. ಕಲಿಯುವವರಿಗೆ ಇದೇ ದೊಡ್ಡ ಧೈರ್ಯ.

ಅದರ ಮೇಲೆ ನಮ್ಮ ಕೂಸು ಎಡಚಿ. ಸಾಮಾನ್ಯ ಸೆಮಿ ಆಟೋ ಖಾಲಿ ಕಾಡತೂಸನ್ನು ಬಲಕ್ಕೆ ಎಸೆಯುತ್ತದೆ. ಎಡ ಹೆಗಲಿನಿಂದ ಹೊಡೆದರೆ ಅದು ಮುಖದ ಮುಂದೆಯೇ ಹಾಯುತ್ತದೆ. ಕಣ್ಣು ಮಿಟುಕಿತು ಅಂದರೆ ತಟ್ಟೆ ಹೋಯಿತು.

ಅವಳಿಗೆ 19, ಸ್ವಂತ ಲೈಸೆನ್ಸಿಗೆ 21 ಆಗಬೇಕು. ಈಗ ಬಂದೂಕು ಕೊಳ್ಳುವ ಅವಸರ ಬೇಡ. ರಾಜ್ಯ ರೈಫಲ್ ಅಸೋಸಿಯೇಷನ್‌ಗೆ ಸೇರಿಸಿ, ಕೋಚ್ ಕೈಕೆಳಗೆ ಅವರ ಬಂದೂಕಿನಲ್ಲೇ ಕಲಿಯಲಿ. ದೆಹಲಿಯ ತುಘಲಕಾಬಾದ್‌ನಲ್ಲಿ ಕರ್ಣಿ ಸಿಂಗ್ ರೇಂಜ್ ಇದೆ, ರಜೆಯಲ್ಲಿ ಒಮ್ಮೆ ಕರೆದುಕೊಂಡು ಹೋಗಿ ತೋರಿಸೋಣ. 2004ರಲ್ಲಿ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದದ್ದು ಇದೇ ಬಂದೂಕಿನ ಆಟದಲ್ಲಿ. ಅವಳಿಗೆ ಆ ವಿಡಿಯೋ ತೋರಿಸು.

ಬರುವ ಭಾನುವಾರ ಅವಳನ್ನು ಬಾಗಲಕೋಟೆಗೆ ಕಳಿಸು. ಅವಳ ಯಾವ ಕಣ್ಣು ಜೋರು ಅಂತ ಮೊದಲು ನೋಡಬೇಕು, ಆಮೇಲೆ ಹೆಗಲಿಗೆ ಆನಿಸುವ ಬಟ್ಟಿನ ಉದ್ದಕ್ಕೆ ತೋಳಿನ ಅಳತೆ ತಗೊಳ್ಳುತ್ತೇನೆ. ಕಾಲೇಜಿನ ಐಡಿ ಕಾರ್ಡು, ಎನ್‌ಸಿಸಿ ಸರ್ಟಿಫಿಕೇಟು ತರಲಿ. ಅಸೋಸಿಯೇಷನ್ ಅರ್ಜಿಯನ್ನು ಇಲ್ಲೇ ಕೂತು ತುಂಬುತ್ತೇವೆ.