ಎರಡು ಪಟ್ಟು ವರ್ಧನೆಯಲ್ಲಿ ಜಿಗಿಯುವ ಜೇಡದ ಚಿತ್ರಗಳು ಮಸುಕಾಗುತ್ತಿವೆ: ಲೆನ್ಸಿನ ದೋಷವೇ?

ಎಲೆಮರೆ:

ಎಲ್ಲರಿಗೂ ನಮಸ್ಕಾರ. ನಿಜಗಾತ್ರದಿಂದ (1:1) ಆರಂಭಿಸಿ ಅದರ ಎರಡು ಪಟ್ಟಿನವರೆಗೆ (2:1) ವರ್ಧಿಸಬಲ್ಲ, ಫೋಕಸ್ಸನ್ನೂ ಅಪರ್ಚರನ್ನೂ (ಬೆಳಕು ಒಳಬರುವ ರಂಧ್ರ) ಕೈಯಿಂದಲೇ ಹೊಂದಿಸಬೇಕಾದ ಮ್ಯಾಕ್ರೋ ಲೆನ್ಸೊಂದನ್ನು ಇತ್ತೀಚೆಗೆ ಬಳಸತೊಡಗಿದ್ದೇನೆ. ಕ್ಯಾಮೆರಾ ಎಪಿಎಸ್-ಸಿ ಸೆನ್ಸರಿನದು, 24 ಮೆಗಾಪಿಕ್ಸೆಲ್. ನಿಜಗಾತ್ರದಲ್ಲಿ ತೆಗೆದ ಮಿಡತೆ, ಚಿಟ್ಟೆಗಳ ಚಿತ್ರಗಳು ತೃಪ್ತಿಕರವಾಗಿವೆ. ಆದರೆ ಜಿಗಿಯುವ ಜೇಡಗಳ ಮುಖವನ್ನು ಎರಡು ಪಟ್ಟಿನಲ್ಲಿ ತೆಗೆದಾಗ ಇಡೀ ಚಿತ್ರ ತೆಳುವಾದ ಮಂಜಿನ ಹಿಂದೆ ಇದ್ದಂತೆ ಕಾಣುತ್ತದೆ. ಫೋಕಸ್ ತಪ್ಪಿದ್ದರೆ ಕಣ್ಣಿನ ಮುಂದೆಯೋ ಹಿಂದೆಯೋ ಒಂದು ಕಡೆಯಾದರೂ ಸ್ಪಷ್ಟತೆ ಸಿಗಬೇಕಿತ್ತು. ಇಲ್ಲಿ ಅದು ಎಲ್ಲಿಯೂ ಇಲ್ಲ, ಮುಖದ ರೋಮಗಳು ಒಂದಕ್ಕೊಂದು ಅಂಟಿಕೊಂಡಂತಿವೆ.

ಬಳಸುತ್ತಿರುವ ಹೊಂದಿಕೆ: ಎಫ್/16 (ಎಫ್ ಸಂಖ್ಯೆ ದೊಡ್ಡದಾದಷ್ಟೂ ಅಪರ್ಚರ್ ಕಿರಿದು), ಶಟರ್ 1/125 ಸೆಕೆಂಡ್, ಐಎಸ್‌ಒ 400 (ಬೆಳಕಿಗೆ ಸೆನ್ಸರಿನ ಸಂವೇದನೆ), ಕ್ಯಾಮೆರಾದ ನೆತ್ತಿಯ ಮೇಲೆ ಪೂರ್ಣ ಬಲದಲ್ಲಿರುವ ಸಣ್ಣ ಫ್ಲ್ಯಾಶ್, ಅದಕ್ಕೊಂದು ಪ್ಲಾಸ್ಟಿಕ್ ಟೊಪ್ಪಿಗೆ. ಚಿತ್ರಗಳೆಲ್ಲ ಕೈಯಲ್ಲಿ ಹಿಡಿದು ತೆಗೆದವು. ಇದಲ್ಲದೆ ಇನ್ನೆರಡು ತೊಂದರೆಗಳಿವೆ. ಜೇಡದ ಕಣ್ಣುಗಳಲ್ಲಿ ಸುಟ್ಟ ಕಲೆಯಂಥ ಬಿಳಿ ಚುಕ್ಕೆ ಬೀಳುತ್ತದೆ. ಮತ್ತು ಒಂದೇ ಜೇಡದ ಒಂದೇ ಕಣ್ಣು ಒಂದು ಚಿತ್ರದಲ್ಲಿ ಕಡುಗಪ್ಪಾಗಿಯೂ ಮರುಕ್ಷಣದ ಚಿತ್ರದಲ್ಲಿ ಕಂದಾಗಿಯೂ ಬರುತ್ತದೆ. ಲೆನ್ಸನ್ನು ಹಿಂದಿರುಗಿಸಲು ಇನ್ನೂ ಅವಕಾಶವಿದೆ. ಹಿಂದಿರುಗಿಸಬೇಕೇ ಎಂಬುದು ನನ್ನ ಮುಖ್ಯ ಪ್ರಶ್ನೆ.

ಕೀಟನೋಟ:

ಎಲೆಮರೆ ಅವರೇ, ಲೆನ್ಸನ್ನು ಈಗಲೇ ಹಿಂದಿರುಗಿಸಬೇಡಿ. ನೀವು ಹೇಳಿದ ಮೂರು ಲಕ್ಷಣಗಳಿಗೆ ಮೂರು ಬೇರೆ ಬೇರೆ ಕಾರಣಗಳಿರುವಂತೆ ತೋರುತ್ತದೆ, ಮೂರನೆಯದಂತೂ ದೋಷವೇ ಅಲ್ಲ. ಜಿಗಿಯುವ ಜೇಡದ ಮುಂಭಾಗದ ಎರಡು ದೊಡ್ಡ ಕಣ್ಣುಗಳಲ್ಲಿ ಹೊರಗಿನ ಮಸೂರ ಮೈಗೆ ಕಚ್ಚಿಕೊಂಡು ಸ್ಥಿರವಾಗಿರುತ್ತದೆ. ಅದರ ಹಿಂದೆ ಉದ್ದನೆಯ ನಳಿಕೆಯೊಂದಿದ್ದು, ನಳಿಕೆಯ ತುದಿಯ ಅಕ್ಷಿಪಟಲವನ್ನು ಸ್ನಾಯುಗಳು ಅತ್ತಿತ್ತ ಎಳೆಯುತ್ತವೆ. ಜೇಡ ನಿಮ್ಮನ್ನೇ ನೇರವಾಗಿ ನೋಡುತ್ತಿರುವಾಗ ಕಣ್ಣು ಕಪ್ಪಾಗಿ ಕಾಣುತ್ತದೆ, ದೃಷ್ಟಿ ಬೇರೆಡೆಗೆ ಸರಿದಾಗ ಒಳಗೋಡೆಯ ತಿಳಿಬಣ್ಣ ಕಾಣುತ್ತದೆ. ಅದನ್ನು ಸೆರೆಹಿಡಿದಿರುವುದು ನಿಮ್ಮ ಅದೃಷ್ಟವೆಂದೇ ತಿಳಿಯಿರಿ.

ಉಳಿದವುಗಳಿಗೆ ಊಹೆಗಿಂತ ಪರೀಕ್ಷೆ ಮೇಲು. ಮೊದಲನೆಯದಾಗಿ, ಮಿಲಿಮೀಟರ್ ಗೆರೆಗಳಿರುವ ಅಳತೆಪಟ್ಟಿಯೊಂದನ್ನು ಅತಿ ಸಮೀಪದ ಫೋಕಸ್ಸಿನಲ್ಲಿ ತೆಗೆಯಿರಿ. ನಿಮ್ಮ ಸೆನ್ಸರಿನ ಅಗಲ ಸುಮಾರು 23.5 ಮಿಲಿಮೀಟರ್ ಆಗಿರುವುದರಿಂದ, ಚೌಕಟ್ಟಿನ ಅಗಲದಲ್ಲಿ ಸುಮಾರು 12 ಮಿಲಿಮೀಟರ್ ಕಂಡರೆ ವರ್ಧನೆ ನಿಜವಾಗಿಯೂ ಎರಡು ಪಟ್ಟೇ. ಎರಡನೆಯದಾಗಿ, ಜೇಡವನ್ನು ತೆಗೆದ ಜಾಗದಲ್ಲಿಯೇ, ಅದೇ ಹೊತ್ತಿನಲ್ಲಿ, ಅದೇ ಹೊಂದಿಕೆಯಲ್ಲಿ ಫ್ಲ್ಯಾಶ್ ಆರಿಸಿ ಒಂದು ಚಿತ್ರ ತೆಗೆಯಿರಿ. ಅದು ಪೂರ್ತಿ ಕಪ್ಪಾಗಿ ಬರಬೇಕು. ಏನಾದರೂ ಕಾಣಿಸಿದರೆ, ನಿಮ್ಮ ಚಿತ್ರವನ್ನು ಫ್ಲ್ಯಾಶ್ ಒಂದೇ ರೂಪಿಸುತ್ತಿಲ್ಲ, ಸುತ್ತಲಿನ ಬೆಳಕೂ ಕೈಹಾಕುತ್ತಿದೆ ಎಂದರ್ಥ. ಮೂರನೆಯದಾಗಿ, ಕ್ಯಾಮೆರಾವನ್ನು ಟ್ರೈಪಾಡಿಗೆ ಬಿಗಿದು, ಟೈಮರ್ ಇಟ್ಟು, ಸಣ್ಣ ಅಕ್ಷರಗಳಿರುವ ಮುದ್ರಿತ ಹಾಳೆಯನ್ನು ಓರೆಯಾಗಿ ನಿಲ್ಲಿಸಿ, ಎಫ್/4ರಿಂದ ಎಫ್/16ರವರೆಗೆ ಒಂದೊಂದೇ ಹಂತ ಬದಲಿಸುತ್ತ ತೆಗೆಯಿರಿ. ಹಾಳೆ ಓರೆಯಾಗಿದ್ದರೆ ಯಾವುದಾದರೂ ಒಂದು ಸಾಲು ಫೋಕಸ್ಸಿನಲ್ಲಿ ಇದ್ದೇ ಇರುತ್ತದೆ. ಆ ಸಾಲನ್ನಷ್ಟೇ ನೂರಕ್ಕೆ ನೂರು ಗಾತ್ರದಲ್ಲಿ ಹೋಲಿಸಿ ನೋಡಿ.

ಎಲೆಮರೆ:

ಮೂರೂ ಪರೀಕ್ಷೆಗಳನ್ನು ಮಾಡಿದೆ. ಅಳತೆಪಟ್ಟಿಯಲ್ಲಿ 12 ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ ಕಾಣುತ್ತದೆ. ಫ್ಲ್ಯಾಶ್ ಇಲ್ಲದ ಚಿತ್ರ ಬಿಸಿಲಿನಲ್ಲಿ ಕಪ್ಪಾಗಲಿಲ್ಲ. ಮಬ್ಬಾಗಿದ್ದರೂ ಎಲೆಯ ನರಗಳನ್ನು ಗುರುತಿಸಬಹುದು. ನೆರಳಿನಲ್ಲಿ ಬಹುಮಟ್ಟಿಗೆ ಕಪ್ಪು. ಜೇಡದ ಚಿತ್ರಗಳನ್ನೆಲ್ಲ ತೆಗೆದದ್ದು ಬಿಸಿಲಿನಲ್ಲಿ. ಮುದ್ರಿತ ಹಾಳೆಯ ಫಲಿತಾಂಶ ಮಾತ್ರ ನನ್ನ ನಿರೀಕ್ಷೆಗೆ ತಿರುಗುಮುರುಗಾಗಿದೆ. ಎಫ್/4ರಲ್ಲಿ ಅಂಚುಗಳು ತುಸು ಮೃದು, ಎಫ್/5.6ರಲ್ಲಿ ಶಾಯಿ ಕಾಗದದ ನಾರಿನಲ್ಲಿ ಹರಡಿರುವುದೂ ಕಾಣುತ್ತದೆ, ಎಫ್/8 ಅದಕ್ಕೆ ಬಹಳ ಹತ್ತಿರ, ಎಫ್/11ರಲ್ಲಿ ಇಳಿಕೆ ಆರಂಭವಾಗಿ ಎಫ್/16ರಲ್ಲಿ ಜೇಡದ ಚಿತ್ರಗಳಲ್ಲಿದ್ದ ಅದೇ ಮಂಕು. ಟ್ರೈಪಾಡಿನ ಮೇಲಿದ್ದ ಕ್ಯಾಮೆರಾ ಅಲುಗಿರಲು ಸಾಧ್ಯವಿಲ್ಲ. ಅಪರ್ಚರನ್ನು ಕಿರಿದುಗೊಳಿಸಿದಷ್ಟೂ ಸ್ಪಷ್ಟತೆ ಹೆಚ್ಚುತ್ತದೆ ಎಂದಲ್ಲವೇ ಸಾಮಾನ್ಯವಾಗಿ ಹೇಳುವುದು?

ಕೀಟನೋಟ:

ಹೆಚ್ಚುವುದು ಸ್ಪಷ್ಟತೆಯ ಆಳ (ಮುಂದಿನಿಂದ ಹಿಂದಿನವರೆಗೆ ಫೋಕಸ್ಸಿನಲ್ಲಿ ಕಾಣುವ ವಲಯ), ಸ್ಪಷ್ಟತೆಯಲ್ಲ. ದೂರದ ವಸ್ತುಗಳ ಚಿತ್ರಣದಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಡುವುದಿಲ್ಲ, ಮ್ಯಾಕ್ರೋದಲ್ಲಿ ಅದೇ ಎಲ್ಲವೂ ಆಗಿಬಿಡುತ್ತದೆ. ನಿಮ್ಮ ಲೆನ್ಸ್ ಸರಿಯಾಗಿದೆ.

ಲೆನ್ಸಿನ ಉಂಗುರದ ಮೇಲೆ ಬರೆದಿರುವ ಎಫ್ ಸಂಖ್ಯೆ ನಿಜವಾಗುವುದು ಲೆನ್ಸ್ ಅನಂತದೂರಕ್ಕೆ ಫೋಕಸ್ ಆಗಿದ್ದಾಗ ಮಾತ್ರ. ಸಮೀಪಕ್ಕೆ ಬಂದಂತೆ ಸೆನ್ಸರಿಗೆ ತಲುಪುವ ಬೆಳಕಿನ ಶಂಕು ಕಿರಿದಾಗುತ್ತದೆ. ಹೊಂದಿಸಿದ ಎಫ್ ಸಂಖ್ಯೆಯನ್ನು ಒಂದು ಕೂಡಿಸಿದ ವರ್ಧನೆಯಿಂದ ಗುಣಿಸಿದರೆ ನಿಜವಾದ ಎಫ್ ಸಂಖ್ಯೆ ಸರಿಸುಮಾರಾಗಿ ಸಿಗುತ್ತದೆ. ನಿಜಗಾತ್ರದಲ್ಲಿ ಎಫ್/8 ಎಂದರೆ ಎಫ್/16. ಎರಡು ಪಟ್ಟಿನಲ್ಲಿ ಎಫ್/16 ಎಂದರೆ 16 × 3, ಅಂದರೆ ಎಫ್/48. ಕೆಲವು ಕ್ಯಾಮೆರಾಗಳು ತಮ್ಮದೇ ಮ್ಯಾಕ್ರೋ ಲೆನ್ಸ್ ಜೋಡಿಸಿದಾಗ ಈ ನಿಜವಾದ ಸಂಖ್ಯೆಯನ್ನೇ ತೋರಿಸುತ್ತವೆ; ನಿಮ್ಮದು ಕೈಯಿಂದ ತಿರುಗಿಸುವ ಲೆನ್ಸ್ ಆದ್ದರಿಂದ ಲೆಕ್ಕ ನೀವೇ ಇಟ್ಟುಕೊಳ್ಳಬೇಕು.

ಇಷ್ಟು ಕಿರಿದಾದ ಶಂಕುವಿನಲ್ಲಿ ವಿವರ್ತನೆಯ (ಕಿರಿದಾದ ರಂಧ್ರವನ್ನು ಹಾಯುವಾಗ ಬೆಳಕು ಹರಡಿಕೊಳ್ಳುವುದು) ಪರಿಣಾಮ ತೀವ್ರವಾಗುತ್ತದೆ. ವಸ್ತುವಿನ ಮೇಲಿನ ಒಂದು ಬಿಂದು ಸೆನ್ಸರಿನ ಮೇಲೆ ಬಿಂದುವಾಗಿ ಉಳಿಯದೆ ವೃತ್ತಾಕಾರದಲ್ಲಿ ಹರಡುತ್ತದೆ. ಹಸಿರು ಬೆಳಕನ್ನು ಹಿಡಿದರೆ ಎಫ್/48ರಲ್ಲಿ ಆ ವೃತ್ತದ ವ್ಯಾಸ ಸುಮಾರು 64 ಮೈಕ್ರೋಮೀಟರ್. ನಿಮ್ಮ ಸೆನ್ಸರಿನ ಒಂದು ಪಿಕ್ಸೆಲ್ ಸುಮಾರು 4 ಮೈಕ್ರೋಮೀಟರ್ ಅಗಲದ್ದು. ಅಂದರೆ ಒಂದೊಂದು ಬಿಂದುವೂ ಹದಿನಾರು ಪಿಕ್ಸೆಲ್‌ಗಳಷ್ಟು ಅಗಲಕ್ಕೆ ಚೆಲ್ಲಿಕೊಂಡಿದೆ. ಜೇಡದ ಮೈಮೇಲೆ ಲೆಕ್ಕ ಹಾಕಿದರೆ, ಸುಮಾರು 16 ಮೈಕ್ರೋಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಈ ಹೊಂದಿಕೆ ಬೇರ್ಪಡಿಸಲಾರದು, ಎಫ್/5.6ರಲ್ಲಿ ಈ ಅಂತರ 6 ಮೈಕ್ರೋಮೀಟರಿಗೂ ಕಡಿಮೆ. ರೋಮಗಳು ಅಂಟಿಕೊಂಡಂತೆ ಕಂಡದ್ದು ಇದರಿಂದಲೇ. ಸಂಪಾದನೆಯ ತಂತ್ರಾಂಶದಲ್ಲಿ ಎಷ್ಟೇ ಹರಿತಗೊಳಿಸಿದರೂ ದಾಖಲಾಗದೆ ಹೋದ ರೋಮ ಮರಳಿ ಬಾರದು.

ಇನ್ನು ಬಿಸಿಲಿನ ವಿಚಾರ. 1/125 ಸೆಕೆಂಡಿನ ಅವಧಿಯಲ್ಲಿ ಫ್ಲ್ಯಾಶ್ ಒಂದು ಚಿತ್ರವನ್ನೂ ಬಿಸಿಲು ಇನ್ನೊಂದು ಚಿತ್ರವನ್ನೂ ಒಂದರ ಮೇಲೊಂದು ಬರೆಯುತ್ತಿವೆ, ಎರಡನೆಯದರಲ್ಲಿ ಕೈಯ ನಡುಕವೂ ಸೇರಿದೆ. ಎರಡು ಪಟ್ಟಿನಲ್ಲಿ ಕೈ ಹತ್ತನೇ ಒಂದು ಮಿಲಿಮೀಟರಿನಷ್ಟು ಅತ್ತಿತ್ತ ಸರಿದರೂ ಸೆನ್ಸರಿನ ಮೇಲೆ ಅದು ಸುಮಾರು 50 ಪಿಕ್ಸೆಲ್‌ಗಳ ಎಳೆತ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ: ಅಪರ್ಚರ್ ಅಥವಾ ಐಎಸ್‌ಒ ಬದಲಿಸಿದರೆ ಬಿಸಿಲು, ಫ್ಲ್ಯಾಶ್ ಎರಡೂ ಜೊತೆಯಾಗಿಯೇ ಏರಿಳಿಯುತ್ತವೆ. ಅವುಗಳ ಅನುಪಾತ ಬದಲಾಗಬೇಕಾದರೆ ಶಟರನ್ನು ಕ್ಯಾಮೆರಾದ ಫ್ಲ್ಯಾಶ್ ಹೊಂದಾಣಿಕೆಯ ಗರಿಷ್ಠ ವೇಗಕ್ಕೆ, ಸಾಮಾನ್ಯವಾಗಿ 1/200 ಅಥವಾ 1/250ಕ್ಕೆ, ಏರಿಸಬೇಕು. ಫ್ಲ್ಯಾಶನ್ನು ಹತ್ತಿರ ತರಬೇಕು. ಎಲ್ಲಕ್ಕಿಂತ ಸುಲಭವಾಗಿ, ನಿಮ್ಮದೇ ನೆರಳು ಜೇಡದ ಮೇಲೆ ಬೀಳುವಂತೆ ನಿಲ್ಲಬೇಕು. ನೆರಳನ್ನು ಮೆಲ್ಲನೆ ತನ್ನಿ, ಜಿಗಿಯುವ ಜೇಡಗಳ ದೃಷ್ಟಿ ಬಹಳ ಚುರುಕು. ಅತಿವೇಗದ ಸಿಂಕ್ (ಆ ಗರಿಷ್ಠ ವೇಗವನ್ನೂ ಮೀರಿ ಫ್ಲ್ಯಾಶ್ ಬಳಸುವ ವಿಧಾನ) ಇದೆಯಲ್ಲ ಎಂದು ಕೆಲವರು ಸಲಹೆ ಕೊಡಬಹುದು. ಅದರಲ್ಲಿ ಫ್ಲ್ಯಾಶ್ ಒಂದೇ ಮಿಂಚಿನ ಬದಲು ಸಾಲು ಮಿಂಚುಗಳಾಗಿ ಹೊಡೆಯುವುದರಿಂದ ಚಲನೆಯನ್ನು ನಿಲ್ಲಿಸುವ ಗುಣವೂ ಬಲವೂ ಎರಡೂ ಕುಗ್ಗುತ್ತವೆ.

ಎಫ್/8ಕ್ಕೆ ಬಂದರೆ ನಾಲ್ಕು ಪಟ್ಟು ಬೆಳಕು ಒಳಬರುತ್ತದೆ, ಆದ್ದರಿಂದ ಅದೇ ಐಎಸ್‌ಒದಲ್ಲಿ ಫ್ಲ್ಯಾಶನ್ನು ಕಾಲು ಬಲಕ್ಕೆ ಇಳಿಸಬಹುದು. ಸಾಮಾನ್ಯ ಫ್ಲ್ಯಾಶ್‌ಗಳಲ್ಲಿ ಬಲ ಕಡಿಮೆಯಾದಷ್ಟೂ ಮಿಂಚಿನ ಅವಧಿ ಚಿಕ್ಕದಾಗುತ್ತದೆ. ಪೂರ್ಣ ಬಲದಲ್ಲಿ ಮಿಂಚೇ ಸಾಕಷ್ಟು ದೀರ್ಘವಾಗಿರುವುದರಿಂದ ಅದರೊಳಗೂ ಕೈ ಅಲುಗಲು ಎಡೆಯಿದೆ.

ಹುತ್ತದಮಣ್ಣು:

ಕೀಟನೋಟ ಅವರ ಲೆಕ್ಕ ಸರಿಯಾಗಿದೆ, ಆದರೆ ಎಫ್/5.6 ಎಂಬುದನ್ನು ವ್ರತದಂತೆ ಹಿಡಿಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಎರಡು ಪಟ್ಟಿನಲ್ಲಿ ಎಫ್/16ರ ಸ್ಪಷ್ಟತೆಯ ಆಳ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್, ಎಫ್/5.6ರಲ್ಲಿ ಅದರ ಮೂರನೇ ಒಂದು ಭಾಗ. ಜೇಡದ ಮುಂಗಣ್ಣು ಸ್ಪಷ್ಟವಾಗಿದ್ದು ಅದರ ಪಕ್ಕದ ಕಣ್ಣು ಕರಗಿಹೋದರೆ ನೋಡುವವರಿಗೆ ಅದೂ ಮಸುಕೇ. ಪರದೆಯ ಮೇಲೆ ಚಿಕ್ಕದಾಗಿ ಹಂಚಿಕೊಳ್ಳುವ ಚಿತ್ರವಾದರೆ ಎಫ್/11 ಸಹ ಒಪ್ಪತಕ್ಕದ್ದೇ; ದೊಡ್ಡದಾಗಿ ಮುದ್ರಿಸುವುದಾದರೆ ಎಫ್/8ರ ಆಸುಪಾಸಿನಲ್ಲಿರಿ.

ಆಳದ ಕೊರತೆಯನ್ನು ಕೋನದಿಂದ ತುಂಬಿಕೊಳ್ಳುವುದು ನನ್ನ ರೂಢಿ. ಪಕ್ಕದಿಂದ ತೆಗೆಯುವಾಗ ಕೀಟದ ಮೈ ಸೆನ್ಸರಿಗೆ ಸಮಾನಾಂತರವಾಗಿದ್ದರೆ ತಲೆಯಿಂದ ಬಾಲದವರೆಗೆ ಒಂದೇ ತಳದಲ್ಲಿ ಸಿಗುತ್ತದೆ. ಮುಖವನ್ನು ತೆಗೆಯುವಾಗ ಫೋಕಸ್ ಉಂಗುರವನ್ನು ಮುಟ್ಟಬೇಡಿ: ವರ್ಧನೆಯನ್ನು ಮೊದಲೇ ಹೊಂದಿಸಿ, ಎಡಗೈಯಲ್ಲಿ ಜೇಡ ಕುಳಿತ ಕಡ್ಡಿಯನ್ನೇ ಹಿಡಿದು, ಅದೇ ಕೈಯ ಮೇಲೆ ಲೆನ್ಸನ್ನು ಊರಿ, ಮೈಯನ್ನು ತುಸುವೇ ಮುಂದೆ ಬಾಗಿಸುತ್ತ ಕಣ್ಣು ಹರಿತವಾಗುವ ಕ್ಷಣದಲ್ಲಿ ಒತ್ತಿ. ಕಡ್ಡಿ ಮತ್ತು ಲೆನ್ಸ್ ಒಟ್ಟಿಗೆ ಅಲುಗಿದರೆ ಅವುಗಳ ನಡುವಿನ ದೂರ ಬದಲಾಗುವುದಿಲ್ಲ.

ಇದನ್ನು ಓದುವ ಇತರರಿಗೆ ಒಂದು ಮಾತು. ಮೇಲಿನ ಗುಣಾಕಾರ ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸಿಕ್ಕಿಸುವ ಟೊಳ್ಳು ನಳಿಕೆ) ಬಳಸುವವರಿಗೂ ಅನ್ವಯಿಸುತ್ತದೆ. ಆದರೆ ಅನಂತಕ್ಕೆ ಫೋಕಸ್ ಮಾಡಿದ ಲೆನ್ಸಿನ ಮುಂದೆ ಕ್ಲೋಸ್-ಅಪ್ ಲೆನ್ಸ್ ಸಿಕ್ಕಿಸಿಕೊಂಡವರಿಗೆ ಅದು ಹಾಗೆಯೇ ಹೊಂದುವುದಿಲ್ಲ, ಅಲ್ಲಿ ಉಂಗುರದ ಮೇಲಿನ ಎಫ್ ಸಂಖ್ಯೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಅದರಿಂದ ಹೆಚ್ಚುವರಿ ಲಾಭವೇನೂ ಇಲ್ಲ. ಸ್ಪಷ್ಟತೆಯ ಆಳ ಅಷ್ಟರಮಟ್ಟಿಗೆ ಕಡಿಮೆಯಾಗಿರುತ್ತದೆ.

ಬೆಳಕಿನಬಲೆ:

ಬಿಳಿ ಚುಕ್ಕೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಜೇಡದ ಕಣ್ಣು ಮತ್ತು ಜೀರುಂಡೆಯ ಗಟ್ಟಿ ಹೊರರೆಕ್ಕೆ ಉಬ್ಬುಗನ್ನಡಿಗಳಂತೆ ವರ್ತಿಸುತ್ತವೆ, ಅವುಗಳಲ್ಲಿ ಕಾಣುವುದು ನಿಮ್ಮ ಬೆಳಕಿನ ಮೂಲದ ಪ್ರತಿಬಿಂಬವೇ. ಯಾರದೇ ಚಿತ್ರದಲ್ಲಿ ಕಣ್ಣನ್ನು ಹಿಗ್ಗಿಸಿ ನೋಡಿದರೆ ಅವರ ಡಿಫ್ಯೂಸರಿನ (ಬೆಳಕನ್ನು ಹರಡಿ ಮೃದುಗೊಳಿಸುವ ಪರದೆ) ಆಕಾರವನ್ನು ಓದಬಹುದು. ನಾನು ಕಲಿತದ್ದರ ಬಹುಪಾಲು ಹೀಗೆ ಕದ್ದು ನೋಡಿದ್ದೇ. ಟೊಪ್ಪಿಗೆ ಹಾಕಿದರೂ ನಿಮ್ಮ ಫ್ಲ್ಯಾಶ್ ಜೇಡದ ಕಡೆಯಿಂದ ನೋಡಿದಾಗ ಸಣ್ಣ ಬಿಂದುವೇ ಆಗಿರುವುದರಿಂದ ಚುಕ್ಕೆ ಬೀಳುತ್ತದೆ. ಮೃದುತ್ವವನ್ನು ನಿರ್ಧರಿಸುವುದು ಡಿಫ್ಯೂಸರಿನ ಗಾತ್ರವೊಂದೇ ಅಲ್ಲ, ಗಾತ್ರ ಮತ್ತು ದೂರ ಎರಡೂ ಸೇರಿ.

ತೆಳುವಾದ ಬಿಳಿ ಹಾಳೆಯನ್ನೋ ಪ್ಲಾಸ್ಟಿಕ್ ಫೋಮನ್ನೋ ಕಮಾನಿನಂತೆ ಬಾಗಿಸಿ, ಲೆನ್ಸಿನ ತುದಿಯನ್ನೂ ದಾಟಿ ಜೇಡದ ನೆತ್ತಿಯ ಮೇಲೆ ಚಾಚುವಂತೆ ಕಟ್ಟಿ. ಫ್ಲ್ಯಾಶಿಗೂ ಈ ಹಾಳೆಗೂ ನಡುವೆ ಇನ್ನೊಂದು ಚಿಕ್ಕ ಪದರವಿದ್ದರೆ ನಡುವಿನ ಉರಿಗಣ್ಣು ಮಾಯವಾಗಿ ಇಡೀ ಹಾಳೆ ಸಮನಾಗಿ ಬೆಳಗುತ್ತದೆ. ಸಮನಾಗಿದೆಯೇ ಎಂದು ತಿಳಿಯಲು ಉಕ್ಕಿನ ಗುಂಡೊಂದನ್ನು ಜೇಡದ ಜಾಗದಲ್ಲಿಟ್ಟು ಚಿತ್ರ ತೆಗೆದು ನೋಡಿ. ಜೇಡಕ್ಕಿಂತ ಅದಕ್ಕೆ ತಾಳ್ಮೆ ಹೆಚ್ಚು. ಪದರಗಳು ಬೆಳಕನ್ನು ನುಂಗುತ್ತವೆ ನಿಜ, ಆದರೆ ಬೆಳಕಿನ ಮೂಲ ಹತ್ತಿರಕ್ಕೆ ಬಂದದ್ದರಿಂದ ಅದರಲ್ಲಿ ಒಂದು ಪಾಲು ಮರಳಿ ಸಿಗುತ್ತದೆ.

ಎಲೆಮರೆ:

ಎಲ್ಲರಿಗೂ ಕೃತಜ್ಞತೆಗಳು. ಎಫ್/8, 1/200, ಐಎಸ್‌ಒ 400, ಎರಡು ಪದರಗಳ ಡಿಫ್ಯೂಸರ್, ಕಾಲು ಬಲದ ಫ್ಲ್ಯಾಶ್ ಹಾಗೂ ನೆರಳು, ಇಷ್ಟರಿಂದ ರೋಮಗಳು ಬಿಡಿಬಿಡಿಯಾಗಿ ಬಂದಿವೆ. ಕಣ್ಣಿನ ಚುಕ್ಕೆ ಈಗ ಮೃದುವಾದ ಕಮಾನು. ಎಫ್/16ರಲ್ಲಿ ಆಕಾಶದ ಭಾಗದಲ್ಲಿ ಕಾಣುತ್ತಿದ್ದ ಬೂದು ಕಲೆಗಳೂ ಮಾಸಿವೆ. ಅವು ಸೆನ್ಸರಿನ ಮೇಲಿನ ಧೂಳಿರಬೇಕು.

ಎರಡು ಸಂಗತಿಗಳು ಉಳಿದಿವೆ. ನೆರಳಿಗೆ ಬಂದ ಮೇಲೆ ಹಿನ್ನೆಲೆ ಕಗ್ಗತ್ತಲಾಗುತ್ತದೆ, ಹಗಲಿನ ಚಿತ್ರವೂ ರಾತ್ರಿಯದೆಂದು ತೋರುತ್ತದೆ. ಮತ್ತು ಎಫ್/5.6ರಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದುಗೂಡಿಸುವ ಫೋಕಸ್ ಸ್ಟ್ಯಾಕಿಂಗ್ ಜೀವಂತ ಜೇಡಕ್ಕೆ ಸಾಧ್ಯವೇ? ತಣ್ಣನೆಯ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಅಲುಗುವುದಿಲ್ಲವೆಂದು ಕೇಳಿದ್ದೇನೆ.

ಕೀಟನೋಟ:

ತಣ್ಣನೆಯ ಪೆಟ್ಟಿಗೆ ಬೇಡವೇ ಬೇಡ. ಅದು ಪ್ರಾಣಿಗೆ ಹಿಂಸೆ. ಚಿತ್ರಕ್ಕೂ ಒಳಿತಲ್ಲ, ಜೋಲುಬಿದ್ದ ಕಾಲುಗಳನ್ನು ಬಲ್ಲವರು ನೋಡಿದೊಡನೆ ಗುರುತಿಸುತ್ತಾರೆ. ಕೀಟಗಳ ಮೈಬಿಸಿ ಸುತ್ತಲಿನ ಗಾಳಿಯನ್ನು ಅವಲಂಬಿಸಿರುವುದರಿಂದ, ಸೂರ್ಯೋದಯದ ಹೊತ್ತಿಗೆ ಹುಲ್ಲಿನ ತುದಿಯಲ್ಲಿ ಮಲಗಿದ ಕಣಜ, ಚಿಟ್ಟೆ, ಕೊಡತಿಗಳು ತಾವಾಗಿಯೇ ನಿಶ್ಚಲವಾಗಿರುತ್ತವೆ. ಸ್ಟ್ಯಾಕಿಂಗ್ ಕಲಿಯಲು ಅವೇ ಸೂಕ್ತ. ಎರಡು ಪಟ್ಟಿನಲ್ಲಿ ಎಫ್/5.6ಕ್ಕೆ ಒಂದೊಂದು ಹೆಜ್ಜೆಯೂ ಹತ್ತನೇ ಒಂದು ಮಿಲಿಮೀಟರ್ ಇದ್ದರೆ ಚಿತ್ರಗಳು ಒಂದರ ಮೇಲೊಂದು ತಕ್ಕಷ್ಟು ಹಾಯುತ್ತವೆ. ಎರಡು ಮಿಲಿಮೀಟರ್ ಆಳಕ್ಕೆ ಇಪ್ಪತ್ತರಷ್ಟು ಚಿತ್ರಗಳಾದವು. ಪ್ರತಿ ಚಿತ್ರಕ್ಕೂ ಫ್ಲ್ಯಾಶ್ ಮರಳಿ ತುಂಬಿಕೊಳ್ಳಬೇಕು, ಕಡಿಮೆ ಬಲದಲ್ಲಿದ್ದರಷ್ಟೇ ಅದು ಬೇಗ ಆಗುತ್ತದೆ. ಎಚ್ಚರವಿರುವ ಜೇಡವಾದರೆ ಮೂರು ನಾಲ್ಕು ಚಿತ್ರಗಳಿಗೆ ತೃಪ್ತರಾಗಿ, ಕಣ್ಣುಗಳ ಸಾಲೊಂದನ್ನು ಪೂರ್ತಿಗೊಳಿಸಲು ಅಷ್ಟು ಸಾಕು. ನಡುವೆ ಜೇಡ ತನ್ನ ಮುಂಗೈಯನ್ನು ಅಲುಗಿಸಿದರೆ ಆ ಭಾಗವನ್ನು ಒಂದೇ ಚಿತ್ರದಿಂದ ತೆಗೆದುಕೊಂಡು ತಿದ್ದಬೇಕಾಗುತ್ತದೆ.

ಹಿನ್ನೆಲೆ ಕಪ್ಪಾಗುವುದು ಫ್ಲ್ಯಾಶಿನ ಬೆಳಕು ದೂರಕ್ಕೆ ಹೋದಂತೆ ವೇಗವಾಗಿ ಕುಗ್ಗುವುದರಿಂದ: ದೂರ ಎರಡರಷ್ಟಾದರೆ ಬೆಳಕು ಕಾಲುಭಾಗ. ಶಟರನ್ನು ನಿಧಾನಗೊಳಿಸಿ ಹಿನ್ನೆಲೆಯನ್ನು ಬೆಳಗಲು ಹೋದರೆ ಮೊದಲಿನ ಎರಡು ಚಿತ್ರಗಳ ತೊಂದರೆ ಮರಳುತ್ತದೆ. ಅದರ ಬದಲು ಜೇಡದ ಹಿಂದೆ ಮೂರು ನಾಲ್ಕು ಸೆಂಟಿಮೀಟರಿನಷ್ಟು ಹತ್ತಿರದಲ್ಲಿ ಒಂದು ಎಲೆ ಬರುವಂತೆ ನಿಮ್ಮ ಕೋನವನ್ನು ಬದಲಿಸಿ, ಅಥವಾ ಉದುರಿದ ಎಲೆಯೊಂದನ್ನು ಅಲ್ಲಿ ಹಿಡಿಯಿರಿ. ಹೊಳಪಿನ ಎಲೆ ಬೇಡ, ಒಣಗಿದ್ದಾದರೂ ಮಂಕಾದ ಮೈಯದು ಇರಲಿ. ಜೇಡದ ಮೈಬಣ್ಣ ಗಾಢವಾಗಿದ್ದರೆ ತಿಳಿಹಸಿರು ಅಥವಾ ಒಣಹುಲ್ಲಿನ ಬಣ್ಣದ ಎಲೆಯನ್ನು ಆರಿಸಿಕೊಳ್ಳಿ.