ಏಳನೇ ಪೀಳಿಗೆಯ ಓಯುನಲ್ಲಿ ಫ್ಲೈಗಾನ್‌ಗೆ ಜಾಗವಿದೆಯೇ?

ಮರಳುರೆಕ್ಕೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಆನ್‌ಲೈನ್ ಪಂದ್ಯತಾಣವಾದ ಪೋಕೆಮಾನ್ ಶೋಡೌನ್‌ನಲ್ಲಿ ಏಳನೇ ಪೀಳಿಗೆಯ ಓಯು (ಓವರ್‌ಯೂಸ್ಡ್, ಅಂದರೆ ಹೆಚ್ಚು ಬಳಕೆಯ ಪೋಕೆಮಾನ್‌ಗಳ ಟಿಯರ್ ಅಥವಾ ಸ್ಪರ್ಧಾಮಟ್ಟ) ಸಿಂಗಲ್ಸ್ ಆಡುತ್ತೇನೆ. 2002ರ ರೂಬಿ, ಸಫೈರ್ ಆಟಗಳಲ್ಲಿ ಮೊದಲು ಕಾಣಿಸಿಕೊಂಡ ಫ್ಲೈಗಾನ್ ಮೊದಲಿನಿಂದಲೂ ನನಗೆ ಅಚ್ಚುಮೆಚ್ಚು. ಏಳನೇ ಪೀಳಿಗೆಯಲ್ಲಿ ಅದಕ್ಕೆ ಅಟ್ಯಾಕ್ ಮತ್ತು ಸ್ಪೀಡ್ ಏರಿಸುವ ಡ್ರ್ಯಾಗನ್ ಡ್ಯಾನ್ಸ್ ಎಂಬ ಮೂವ್ ಕೂಡ ದೊರೆತಿರುವುದರಿಂದ, ಅದನ್ನೇ ನೆಚ್ಚಿಕೊಂಡು ಒಂದು ತಂಡ ಕಟ್ಟಬೇಕೆಂದಿದ್ದೇನೆ. ಆದರೆ ಯಾರನ್ನು ಕೇಳಿದರೂ "ಗಾರ್ಚಾಂಪ್ ಇರುವಾಗ ಫ್ಲೈಗಾನ್ ಏಕೆ?" ಎಂಬ ಒಂದೇ ಮಾತು ಬರುತ್ತದೆ. ಎರಡೂ ಗ್ರೌಂಡ್ ಮತ್ತು ಡ್ರ್ಯಾಗನ್ ಟೈಪಿನವು. ಫ್ಲೈಗಾನ್‌ನ ಮೂಲ ಅಂಕಗಳ ಮೊತ್ತ 520, ಗಾರ್ಚಾಂಪ್‌ನದು 600. ಈ 80 ಅಂಕಗಳ ಅಂತರವೇ ತೀರ್ಮಾನವನ್ನು ಕೊಟ್ಟುಬಿಡುತ್ತದೆಯೇ, ಅಥವಾ ಒಂದು ಪೋಕೆಮಾನ್ ಸ್ಪರ್ಧೆಗೆ ತಕ್ಕುದೋ ಅಲ್ಲವೋ ಎಂಬುದನ್ನು ಅಳೆಯಲು ಬೇರೆ ಕ್ರಮವಿದೆಯೇ? ನನ್ನ ತಂಡದಲ್ಲಿ ಸದ್ಯಕ್ಕೆ ಖಚಿತವಾಗಿರುವುದು ಮ್ಯಾಗ್ನೆಜೋನ್ ಒಂದೇ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಲೆಕ್ಕದ ಪುಸ್ತಕ

ಒಟ್ಟು ಮೊತ್ತವನ್ನು ನೋಡಬೇಡಿ. ಆ ಅಂಕಗಳು ಎಲ್ಲಿ ಹಂಚಿಹೋಗಿವೆ ಎಂಬುದನ್ನು ನೋಡಿ. ಗಾರ್ಚಾಂಪ್‌ಗೆ ಎಚ್‌ಪಿ 108, ಅಟ್ಯಾಕ್ 130, ಡಿಫೆನ್ಸ್ 95, ಸ್ಪೀಡ್ 102. ಫ್ಲೈಗಾನ್‌ಗೆ ಇವು ಕ್ರಮವಾಗಿ 80, 100, 80, 100. ಸ್ಪೆಷಲ್ ಅಟ್ಯಾಕ್ ಎರಡಕ್ಕೂ 80, ಸ್ಪೆಷಲ್ ಡಿಫೆನ್ಸ್‌ನಲ್ಲಿ ಐದರ ವ್ಯತ್ಯಾಸ ಮಾತ್ರ. ಅಂದರೆ ಹೆಚ್ಚುವರಿ ಅಂಕಗಳಲ್ಲಿ ಬಹುಪಾಲು ಹೊಡೆಯುವುದಕ್ಕೆ ಮತ್ತು ಹೊಡೆತ ತಾಳುವುದಕ್ಕೆ ಸಂದಿದೆ. ಒಂದು ಅಂಕವೂ ಪೋಲಾಗಿಲ್ಲ.

ಇದು ಪಂದ್ಯದಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 100ನೇ ಹಂತದಲ್ಲಿ, ಅಟ್ಯಾಕ್‌ಗೆ 252 ಇವಿ (ತರಬೇತಿಯ ಅಂಕ) ಹಾಕಿ, ಸ್ಪೀಡ್ ಹೆಚ್ಚಿಸುವ ಜಾಲಿ ಸ್ವಭಾವ ಕೊಟ್ಟರೆ, ಫ್ಲೈಗಾನ್‌ನ ಅಟ್ಯಾಕ್ 299 ಆಗುತ್ತದೆ, ಗಾರ್ಚಾಂಪ್‌ನದು 359. ಎದುರಿಗೆ ಎಚ್‌ಪಿಗಾಗಲಿ ಡಿಫೆನ್ಸ್‌ಗಾಗಲಿ ಇವಿ ಹಾಕದ, 341 ಎಚ್‌ಪಿಯ ಟೈರಾನಿಟಾರ್ ಇದೆ ಎಂದುಕೊಳ್ಳಿ. ಫ್ಲೈಗಾನ್‌ನ ಅರ್ತ್‌ಕ್ವೇಕ್ ಅದಕ್ಕೆ 254ರಿಂದ 300ರವರೆಗೆ ಪೆಟ್ಟು ಕೊಡುತ್ತದೆ. ಗಾರ್ಚಾಂಪ್‌ನದು 302ರಿಂದ 356ರವರೆಗೆ. ಆ ಟೈರಾನಿಟಾರ್ ಒಳಬರುವಾಗ ಸ್ಟೆಲ್ತ್ ರಾಕ್‌ನಿಂದ (ಒಳಬರುವವರಿಗೆ ಪೆಟ್ಟು ಕೊಡುವ ಕಲ್ಲಿನ ಬಲೆ) 42 ಎಚ್‌ಪಿ ಕಳೆದುಕೊಂಡಿದ್ದರೆ, ಗಾರ್ಚಾಂಪ್‌ನ ಒಂದೇ ಏಟಿಗೆ ಅದು ಖಂಡಿತವಾಗಿ ಬೀಳುತ್ತದೆ. ಫ್ಲೈಗಾನ್ ಅದನ್ನು ಬೀಳಿಸಬೇಕಾದರೆ 16ರಲ್ಲಿ ಒಂದೇ ಬಾರಿ ಬರುವ ಅತಿಹೆಚ್ಚಿನ ಪೆಟ್ಟೇ ಬೀಳಬೇಕು. ಮೂಲ ಅಂಕಗಳ ವ್ಯತ್ಯಾಸಕ್ಕೆ ಅರ್ಥ ಬರುವುದು ಇಂಥ ಗಡಿಗಳಲ್ಲಿ. ಎರಡೂ ಒಂದೇ ಏಟಿಗೆ ಕೊಲ್ಲುವ, ಅಥವಾ ಎರಡಕ್ಕೂ ಎರಡು ಏಟು ಬೇಕಾಗುವ ಎದುರಾಳಿಯ ಮುಂದೆ ಆ ವ್ಯತ್ಯಾಸ ಬಹುಮಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಓಯುನಲ್ಲಿ ಹೆಚ್ಚಾಗಿ ಕಾಣುವ ಹತ್ತು ಹದಿನೈದು ಪೋಕೆಮಾನ್‌ಗಳನ್ನು ಮುಂದಿಟ್ಟುಕೊಂಡು, ಡ್ಯಾಮೇಜ್ ಕ್ಯಾಲ್ಕುಲೇಟರ್‌ನಲ್ಲಿ ಎರಡನ್ನೂ ಹೋಲಿಸಿ ನೋಡಿ. ನನ್ನ ದೃಷ್ಟಿಯಲ್ಲಿ ಫ್ಲೈಗಾನ್ ತುಂಬ ಕಡೆ ಗಡಿಯ ಈಚೆಗೇ ಉಳಿಯುತ್ತದೆ. ಸ್ಪೀಡ್‌ನಲ್ಲಿಯೂ ಅಷ್ಟೇ: ಕೇವಲ ಎರಡು ಅಂಕ ಕಡಿಮೆ ಇದ್ದರೂ, 328ಕ್ಕೆ ಎದುರಾಗಿ 333 ಇರುವ ಗಾರ್ಚಾಂಪ್ ಪ್ರತಿಬಾರಿಯೂ ಮೊದಲು ಹೊಡೆಯುತ್ತದೆ.

ಹಳೆಯ ಮೆಟಾ

ಮೇಲಿನ ಲೆಕ್ಕ ಸರಿಯಾಗಿದೆ. ಆದರೆ ಅಂಕಗಳಿಂದಲೇ ಬೆಲೆ ಕಟ್ಟುವುದಾದರೆ ನಾಲ್ಕನೇ ಪೀಳಿಗೆಯ ಇತಿಹಾಸವನ್ನು ವಿವರಿಸಲು ಸಾಧ್ಯವಾಗುವುದಿಲ್ಲ. ಗಾರ್ಚಾಂಪ್ 2006ರಲ್ಲಿ ಡೈಮಂಡ್, ಪರ್ಲ್ ಆಟಗಳೊಂದಿಗೆ ಬಂದಿತು, ಮತ್ತು 2008ರಲ್ಲಿ ಟಿಯರ್‌ಗಳನ್ನು ಗೊತ್ತುಮಾಡುವ ಆಟಗಾರರ ಬಳಗವಾದ ಸ್ಮೋಗನ್ ಅದನ್ನು ಓಯುನಿಂದ, ಅತಿ ಬಲಶಾಲಿಗಳ ಮಟ್ಟವಾದ ಊಬರ್ಸ್‌ಗೆ ತಳ್ಳಿತು. ಅದು ಹೋದ ನಂತರ ಚಾಯ್ಸ್ ಸ್ಕಾರ್ಫ್ (ಸ್ಪೀಡ್ ಅನ್ನು ಒಂದೂವರೆ ಪಟ್ಟು ಮಾಡಿ ಒಂದೇ ಮೂವ್‌ಗೆ ಕಟ್ಟಿಹಾಕುವ ವಸ್ತು) ತೊಟ್ಟ ಫ್ಲೈಗಾನ್ ಓಯುನಲ್ಲಿ ಗೌರವದ ಸ್ಥಾನ ಪಡೆಯಿತು. ಇನ್ನೊಂದು ಡ್ರ್ಯಾಗನ್ ಆದ ಸ್ಯಾಲಮೆನ್ಸ್ ಕೂಡ ನಿಷೇಧಕ್ಕೆ ಒಳಗಾದ ಮೇಲೆ ಆ ಸ್ಥಾನ ಇನ್ನಷ್ಟು ಗಟ್ಟಿಯಾಯಿತು. ಈ ಅವಧಿಯಲ್ಲಿ ಫ್ಲೈಗಾನ್‌ನ ಒಂದು ಅಂಕವೂ ಏರಲಿಲ್ಲ. ಅದು ಮಾಡುತ್ತಿದ್ದ ಕೆಲಸಕ್ಕೆ ಅದಕ್ಕಿಂತ ಉತ್ತಮವಾದವು ಕಣದಲ್ಲಿ ಇರಲಿಲ್ಲ, ಅಷ್ಟೇ. ಆದುದರಿಂದ "ಇದು ಬಲಶಾಲಿಯೇ?" ಎಂದು ಕೇಳುವುದಕ್ಕಿಂತ "ಈ ಕೆಲಸಕ್ಕೆ, ಈ ಟಿಯರ್‌ನಲ್ಲಿ, ಇಂದು ಇದಕ್ಕೆ ಪೈಪೋಟಿ ಯಾರು?" ಎಂದು ಕೇಳಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಟಿಯರ್‌ಗಳನ್ನು ನಿರ್ಧರಿಸುವುದು ಬಳಕೆಯ ಪ್ರಮಾಣ. ಬಹುಕಾಲ ಓಯುನ ಗೆರೆ ಶೇ 3.41ರಲ್ಲಿತ್ತು, 20 ಪಂದ್ಯಗಳಲ್ಲಿ ಒಮ್ಮೆಯಾದರೂ ಎದುರಾಗುವ ಸಂಭವ ಶೇ 50 ಇರಬೇಕು ಎಂಬುದು ಅದರ ಹಿಂದಿನ ಲೆಕ್ಕ. ಒಂದು ಪೋಕೆಮಾನ್ ಎಷ್ಟು ಜನರ ತಂಡದಲ್ಲಿದೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು, ಸರಿಯಾದ ತಂಡದಲ್ಲಿ ಎಷ್ಟು ಕೆಲಸ ಮಾಡಬಲ್ಲದು ಎಂಬುದನ್ನಲ್ಲ. 2014ರಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ಅವರು ಮೊತ್ತ ಕೇವಲ 405 ಇರುವ ಪಚಿರಿಸುವನ್ನು ತಂಡದಲ್ಲಿಟ್ಟುಕೊಂಡು ಪ್ರಶಸ್ತಿ ಗೆದ್ದರು. ಅದು ಡಬಲ್ಸ್ ಪಂದ್ಯ. ಫಾಲೋ ಮೀ ಮೂಲಕ ಎದುರಾಳಿಯ ಹೊಡೆತವನ್ನು ತನ್ನತ್ತ ಸೆಳೆದು, ವೋಲ್ಟ್ ಅಬ್ಸಾರ್ಬ್‌ನಿಂದ ಎಲೆಕ್ಟ್ರಿಕ್ ಮೂವ್‌ಗಳನ್ನು ನುಂಗಿ, ಜೊತೆಗಾರ ಗ್ಯಾರಡೋಸ್‌ನನ್ನು ಕಾಯುವುದು ಅದರ ಕೆಲಸವಾಗಿತ್ತು. ಆ ಕೆಲಸಕ್ಕೆ ಅಟ್ಯಾಕ್ ಅಂಕ ಬೇಕಾಗಿಯೇ ಇರಲಿಲ್ಲ. ಸಿಂಗಲ್ಸ್‌ಗೆ ಇದನ್ನು ನೇರವಾಗಿ ಅನ್ವಯಿಸಲಾಗದು ಎಂಬುದು ನನಗೆ ಗೊತ್ತು. ಆದರೂ ಕ್ರಮ ಅದೇ.

ಕಾಂತಪಾಶ

ಮರಳುರೆಕ್ಕೆಯವರೇ, ನಿಮ್ಮ ಪ್ರಶ್ನೆಯ ಕೊನೆಗೆ ಬಂದ ಮ್ಯಾಗ್ನೆಜೋನ್‌ನ ಹೆಸರೇ ಇಲ್ಲಿ ಮುಖ್ಯವಾದುದು ಎಂದು ನನಗೆ ತೋರುತ್ತದೆ. ಗಾರ್ಚಾಂಪ್‌ಗೆ ಇಲ್ಲದ್ದು ಫ್ಲೈಗಾನ್‌ಗೆ ಡ್ರ್ಯಾಗನ್ ಡ್ಯಾನ್ಸ್ ಅಲ್ಲದೆ ಮುಖ್ಯವಾಗಿ ಎರಡಿವೆ: ಗ್ರೌಂಡ್ ಮೂವ್‌ಗಳು ತಾಗದಂತೆ ಮಾಡುವ ಲೆವಿಟೇಟ್ ಎಂಬ ಅಬಿಲಿಟಿ, ಮತ್ತು ಹೊಡೆದು ಕೂಡಲೇ ಹೊರಹೋಗುವ ಯು-ಟರ್ನ್ ಮೂವ್. ಡ್ರ್ಯಾಗನ್ ಡ್ಯಾನ್ಸ್ ತಂಡದಲ್ಲಿ ಯು-ಟರ್ನ್‌ಗೆ ಜಾಗ ಸಿಗುವುದು ಕಷ್ಟ, ಹಾಗಾಗಿ ಲೆವಿಟೇಟ್‌ನ ಬಗ್ಗೆಯೇ ಬರೆಯುತ್ತೇನೆ.

ಮ್ಯಾಗ್ನೆಜೋನ್‌ಗೆ ಗ್ರೌಂಡ್ ಮೂವ್‌ಗಳಿಂದ ನಾಲ್ಕುಪಟ್ಟು, ಫೈರ್ ಮೂವ್‌ಗಳಿಂದ ಎರಡುಪಟ್ಟು ಪೆಟ್ಟು. ಎದುರಾಳಿಯು ಅದರ ಮೇಲೆ ಅರ್ತ್‌ಕ್ವೇಕ್ ಹೊಡೆಯಲು ಸಿದ್ಧನಾದಾಗ ನೀವು ಫ್ಲೈಗಾನ್‌ನನ್ನು ಒಳಗೆ ಕರೆದರೆ ಅದಕ್ಕೆ ಏನೂ ತಗಲುವುದಿಲ್ಲ. ಫೈರ್ ಮೂವ್ ಬಂದರೆ ಅರ್ಧ ಮಾತ್ರ ತಗಲುತ್ತದೆ. ಸ್ಟೆಲ್ತ್ ರಾಕ್‌ನಿಂದ ಒಳಬರುವಾಗ ಹೋಗುವುದು ಎಚ್‌ಪಿಯ ಹದಿನಾರನೇ ಒಂದು ಭಾಗ. ನೆಲದ ಮೇಲೆ ಹರಡುವ ಮುಳ್ಳುಗಳಾದ ಸ್ಪೈಕ್ಸ್ ತಾಗುವುದೇ ಇಲ್ಲ. ಗಾರ್ಚಾಂಪ್ ಆ ಅರ್ತ್‌ಕ್ವೇಕ್‌ನ ಪೂರ್ಣ ಪೆಟ್ಟನ್ನು ತಿನ್ನಬೇಕು. ಹೀಟ್ರಾನ್‌ನ ಮುಂದೆ ಈ ವ್ಯತ್ಯಾಸ ಇನ್ನೂ ಸ್ಪಷ್ಟ: ಅದರ ಫೈರ್ ಮೂವ್‌ಗಳು ಎರಡಕ್ಕೂ ಅರ್ಧವೇ, ಆದರೆ ಅರ್ತ್ ಪವರ್ ತಾಗುವುದು ಗಾರ್ಚಾಂಪ್‌ಗೆ ಮಾತ್ರ. ವಿಷ ಹಾಕುವ ಟಾಕ್ಸಿಕ್ ಬಗ್ಗೆ ಎಚ್ಚರವಿರಲಿ, ಅದಕ್ಕೆ ಲೆವಿಟೇಟ್ ಅಡ್ಡ ಬರುವುದಿಲ್ಲ. ಮೋಲ್ಡ್ ಬ್ರೇಕರ್ ಇರುವ ಎಕ್ಸ್‌ಕಡ್ರಿಲ್ ಲೆವಿಟೇಟ್ ಅನ್ನು ಲೆಕ್ಕಿಸದೆ ಅರ್ತ್‌ಕ್ವೇಕ್ ಹೊಡೆಯುತ್ತದೆ ಎಂಬುದನ್ನೂ ಮರೆಯಬೇಡಿ.

ಪ್ರತಿಯಾಗಿ ಮ್ಯಾಗ್ನೆಜೋನ್ ತನ್ನ ಮ್ಯಾಗ್ನೆಟ್ ಪುಲ್‌ನಿಂದ ಸ್ಕಾರ್ಮರಿ, ಸೆಲೆಸ್ಟೀಲಾ, ಫೆರೋಥಾರ್ನ್‌ಗಳನ್ನು ಹೊರಹೋಗದಂತೆ ಹಿಡಿದು ಮುಗಿಸುತ್ತದೆ. ಫ್ಲೈಗಾನ್‌ನ ಬಲವಾದ ಡ್ರ್ಯಾಗನ್ ಮೂವ್ ಆದ ಔಟ್‌ರೇಜ್‌ಗೆ ಅಡ್ಡನಿಲ್ಲುವ ಸ್ಟೀಲ್ ಗೋಡೆ ಹೋದ ಮೇಲೆ ಫ್ಲೈಗಾನ್ ನರ್ತಿಸಲು ಅವಕಾಶ ದೊರೆಯುತ್ತದೆ. ಆರನೇ ಪೀಳಿಗೆಯಿಂದ ಬಂದ ಫೇರಿ ಟೈಪ್‌ಗೆ ಔಟ್‌ರೇಜ್ ತಾಗದು, ಮತ್ತು ಔಟ್‌ರೇಜ್ ಒಮ್ಮೆ ಶುರುವಾದರೆ ಎರಡು ಮೂರು ಸುತ್ತು ನಿಮ್ಮ ಕೈಯಲ್ಲಿ ಇರುವುದಿಲ್ಲ; ಹಾಗಾಗಿ ಕ್ಲೆಫೇಬಲ್ ಮತ್ತು ಟಾಪು ಕೋಕೊ ಮೊದಲಾದ ಟಾಪುಗಳಂಥ ಫೇರಿಗಳನ್ನು ಮೊದಲೇ ತೆಗೆಯುವ ಮೂರನೆಯವರೊಬ್ಬರು ತಂಡಕ್ಕೆ ಬೇಕೇ ಬೇಕು.

ನಿಜವಾದ ಪೈಪೋಟಿ ಗಾರ್ಚಾಂಪ್‌ನಿಂದಲ್ಲ, ಲ್ಯಾಂಡೊರಸ್-ಥೀರಿಯನ್‌ನಿಂದ ಎಂಬುದು ನನ್ನ ಅಭಿಪ್ರಾಯ. ಅದಕ್ಕೂ ಗ್ರೌಂಡ್ ತಾಗುವುದಿಲ್ಲ, ಅಟ್ಯಾಕ್ 145, ಎದುರಾಳಿಯ ಅಟ್ಯಾಕ್ ಇಳಿಸುವ ಇಂಟಿಮಿಡೇಟ್ ಇದೆ, ಯು-ಟರ್ನ್ ಇದೆ. ನಿಮ್ಮ ಫ್ಲೈಗಾನ್‌ನಲ್ಲಿ ಡ್ರ್ಯಾಗನ್ ಡ್ಯಾನ್ಸ್ ಇಲ್ಲದೆ ಬರೀ ಸ್ಕಾರ್ಫ್ ಮತ್ತು ಯು-ಟರ್ನ್ ಇದ್ದರೆ, ಲ್ಯಾಂಡೊರಸ್ ಅದೇ ಕೆಲಸವನ್ನು ಹೆಚ್ಚು ಚೆನ್ನಾಗಿ ಮಾಡುತ್ತದೆ ಎಂದು ನಾನು ನೇರವಾಗಿಯೇ ಹೇಳುತ್ತಿದ್ದೆ. ಫೈರ್ ಅನ್ನು ತಡೆದು, ಗ್ರೌಂಡ್ ಅನ್ನು ದಾಟಿ, ಡ್ರ್ಯಾಗನ್ ಡ್ಯಾನ್ಸ್ ಮಾಡಿ, ಔಟ್‌ರೇಜ್ ಹೊಡೆಯುವುದು ಮಾತ್ರ ಅದಕ್ಕೆ ಆಗದು.

ಮರಳುರೆಕ್ಕೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮ್ಯಾಗ್ನೆಜೋನ್ ಜೊತೆಗಿನ ಹೊಂದಾಣಿಕೆಯನ್ನು ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಹಾಗಾದರೆ ಸ್ವಭಾವ ಯಾವುದಿರಲಿ? ಟೈರಾನಿಟಾರ್ ಲೆಕ್ಕವನ್ನು ನೋಡಿದ ಮೇಲೆ ಅಟ್ಯಾಕ್ ಹೆಚ್ಚಿಸುವ ಅಡಮಂಟ್ ಕಡೆಗೆ ಮನಸ್ಸು ವಾಲುತ್ತಿದೆ.

ಲೆಕ್ಕದ ಪುಸ್ತಕ

ಕಾಂತಪಾಶ ಅವರ ವಾದ ನನಗೆ ಒಪ್ಪಿಗೆಯಾಯಿತು. ಲೆವಿಟೇಟ್‌ಗೆ ಕೆಲಸವಿರುವ ತಂಡದಲ್ಲಿ ನನ್ನ ಹೋಲಿಕೆಯ ತೂಕ ಕಡಿಮೆಯಾಗುತ್ತದೆ. ಸ್ವಭಾವದ ವಿಷಯಕ್ಕೆ ಬಂದರೆ, ಸ್ಪೀಡ್‌ಗೆ 252 ಇವಿ ಹಾಕಿದ ಅಡಮಂಟ್ ಫ್ಲೈಗಾನ್ ಒಂದು ಡ್ರ್ಯಾಗನ್ ಡ್ಯಾನ್ಸ್ ನಂತರ 448 ಸ್ಪೀಡ್ ತಲುಪುತ್ತದೆ. 394 ಸ್ಪೀಡ್‌ನ ಟಾಪು ಕೋಕೊವನ್ನು ದಾಟಲು ಇದು ಧಾರಾಳವಾಗಿ ಸಾಕು. ಆದರೆ ಜಾಲಿ ಸ್ವಭಾವದ ಸ್ಕಾರ್ಫ್ ಲ್ಯಾಂಡೊರಸ್-ಥೀರಿಯನ್ 463ರಲ್ಲಿ ನಿಂತಿದೆ, ಅದರ ಕೈಯಲ್ಲಿ ಹಿಡನ್ ಪವರ್ ಐಸ್ ಇದ್ದರೆ ನಾಲ್ಕುಪಟ್ಟು ಪೆಟ್ಟು. ಜಾಲಿ ಫ್ಲೈಗಾನ್ 492 ತಲುಪಿ ಅದನ್ನು ದಾಟುತ್ತದೆ. ನಿಮ್ಮ ತಂಡದಲ್ಲಿ ಲ್ಯಾಂಡೊರಸ್‌ನನ್ನು ಮೊದಲೇ ದಣಿಸುವವರು ಇದ್ದರೆ ಅಡಮಂಟ್ ಇಡಿ, ಇಲ್ಲವಾದರೆ ಜಾಲಿ.

ಯಾವುದನ್ನೇ ಇಟ್ಟರೂ ರಿಪ್ಲೇಗಳನ್ನು ಉಳಿಸಿಕೊಳ್ಳಿ. ಪ್ರತಿ ಪಂದ್ಯವನ್ನು ಮತ್ತೆ ನೋಡುವಾಗ, ಫ್ಲೈಗಾನ್ ಇದ್ದ ಜಾಗದಲ್ಲಿ ಗಾರ್ಚಾಂಪ್ ಅಥವಾ ಲ್ಯಾಂಡೊರಸ್ ಇದ್ದಿದ್ದರೆ ಯಾವ ಸುತ್ತು ಬೇರೆಯಾಗುತ್ತಿತ್ತು ಎಂದು ಗುರುತು ಹಾಕಿ, ಲೆವಿಟೇಟ್‌ನಿಂದ ಉಳಿದ ಸುತ್ತುಗಳನ್ನು ಒಂದು ಕಡೆ, ಅಟ್ಯಾಕ್ ಸಾಲದೆ ಕೈಬಿಟ್ಟ ಸುತ್ತುಗಳನ್ನು ಇನ್ನೊಂದು ಕಡೆ ಬರೆದು ಇಲ್ಲಿ ಹಾಕಿ. ಆ ಪಟ್ಟಿಯನ್ನು ನೋಡಿಕೊಂಡು ಉಳಿದ ನಾಲ್ವರನ್ನು ಒಟ್ಟಾಗಿ ಆರಿಸೋಣ.